ಅಕ್ಕಾರಿಗೆ ನಾನು ಹಾಕಿದ ಐದು

ಮೊನ್ನೆ ಬ್ಯಾಡಗಿಯ ಮನೆಯಲ್ಲಿ ಹೆಂಡತಿ ಟ್ರಂಕು ತೆರೆದಾಗ ಡಾಂಬರು ಗುಳಿಗೆಯ ವಾಸನೆ ಬಂತು. ಅದರ ಹಿಂದೆಯೇ, ಅದೇ ವಾಸನೆ ತುಂಬಿರುತ್ತಿದ್ದ ರೆಕಾರ್ಡ್ ರೂಮಿನ ಅಕ್ಕಾರು ನೆನಪಾದರು...

ಆಗ ನಾನು ಒಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ದಿನಗೂಲಿ ಸಿಪಾಯಿ. ಅವರು ಅಲ್ಲಿ ಹಳೆಯ ಅಂಕಪಟ್ಟಿಗಳ ರಿಜಿಸ್ಟರು ನೋಡಿಕೊಳ್ಳುತ್ತಿದ್ದರು. ಅವರು ರಾಣೇಬೆನ್ನೂರಿನಲ್ಲಿ ಹತ್ತಿ ಬರುತ್ತಿದ್ದ ರೈಲನ್ನೇ ನಾನು ಬ್ಯಾಡಗಿಯಲ್ಲಿ ಹತ್ತುತ್ತಿದ್ದೆ. ಮೂವತ್ತೆರಡನೇ ವಯಸ್ಸಿಗೆ ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದಾಗ, ದಿನವೂ ಹಾವೇರಿಯಲ್ಲಿ ಇಳಿಯುವವರೆಗೆ ನನಗೆ ಗಣಿತ ಹೇಳಿಕೊಟ್ಟರು. ಅಂದಿನಿಂದ ನನಗೆ ಅವರು ಅಕ್ಕಾರು. ಗಣಿತದಲ್ಲಿ ಮೂವತ್ತೈದು ಬಂದಾಗ ನನಗಿಂತ ಹೆಚ್ಚು ಹಿಗ್ಗಿದ್ದರು.

ನಾಲ್ಕು ಜನ ಕೂಡಿದರೆ ಅಕ್ಕಾರಿಗೆ ಮಾತೇ ಹೊರಡುತ್ತಿರಲಿಲ್ಲ. ರೆಕಾರ್ಡ್ ರೂಮಿನಲ್ಲಿ ಮಾತ್ರ ಅವರೇ ಬೇರೆ. ರಟ್ಟಿನ ಬಣ್ಣ ನೋಡಿ ಯಾವ ವರ್ಷದ ರಿಜಿಸ್ಟರೆಂದು ಹೇಳುತ್ತಿದ್ದರು. ಹುಡುಕಿದ ಹೆಸರು ಸಿಕ್ಕರೆ ಅದರ ಮೇಲೆ ಬೆರಳಿಟ್ಟುಕೊಂಡೇ ಚಹಾ ಕುಡಿಯುತ್ತಿದ್ದರು.

ಒಮ್ಮೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಸಿಬ್ಬಂದಿಗೆಲ್ಲ ಫಾರ್ಮು ಹಂಚಿದಳು. ನಿಮ್ಮ ಸ್ವಭಾವ ಎಂಥದು, ಕೆಲಸ ಖುಷಿ ಕೊಡುತ್ತದೆಯೇ ಎಂಬ ಪ್ರಶ್ನೆಗಳು. ಒಂದರಿಂದ ಐದರೊಳಗೆ ಅಂಕಿ ಬರೆಯಬೇಕು, ಹೆಸರು ಬೇಡ. ತುಂಬಿದ ಫಾರ್ಮುಗಳನ್ನು ಒಟ್ಟುಮಾಡಿ ತರುವ ಕೆಲಸ ನನ್ನದು. ಕಚೇರಿಯ ಸಾಹೇಬರು ತಾವೂ ನೋಡಬೇಕೆಂದು ಪ್ರತಿಯೊಂದರ ಮೇಲೆ ವಿಭಾಗ ಬರೆಸಿದರು. ರೆಕಾರ್ಡ್ ರೂಮಿಗೆ ಇದ್ದವರು ಅಕ್ಕಾರೊಬ್ಬರೇ. ಅವರು ಕೆಲಸದ ಸಂತೋಷಕ್ಕೆ ಐದು ಬರೆದಿದ್ದರು. 'ಜನರೊಡನೆ ಬೆರೆಯುವುದು ನನಗಿಷ್ಟ' ಎಂಬಲ್ಲಿ ಒಂದು. ಐದಕ್ಕೆ ಒಂದೆಂದರೆ ನನ್ನ ಲೆಕ್ಕದಲ್ಲಿ ನಪಾಸು. ನನ್ನನ್ನು ಪಾಸು ಮಾಡಿಸಿದವರು ನಪಾಸಾಗುವುದೇ? ಪೆನ್ಸಿಲಿನ ಆ ಒಂದನ್ನು ಅಳಿಸಿ ಐದು ಬರೆದೆ.

ಸಾಹೇಬರು ಅದನ್ನು ನೋಡಿ, ಜನರೊಡನೆ ಬೆರೆಯುವ ಇಂಥವರನ್ನು ಒಳಗೆ ಕೂಡಿಸಿದ್ದೇ ತಪ್ಪೆಂದು ಅಕ್ಕಾರನ್ನು ಪ್ರವೇಶದ ಕೌಂಟರಿಗೆ ಹಾಕಿದರು. ಒಳ್ಳೆಯದು ಮಾಡುತ್ತಿದ್ದೇನೆಂದೇ ಅವರು ನಂಬಿದ್ದರು. ಅಲ್ಲಿ ದಿನವಿಡೀ ಸಾಲು, ಗದ್ದಲ. ಒಬ್ಬ, "ಏನ್ರೀ, ಬಾಯಾಗ ಅವಲಕ್ಕಿ ತುಂಬ್ಕೊಂಡೀರೇನು? ಲಗೂ ಹೇಳ್ರಿ" ಅಂದ. ಸಾಲೆಲ್ಲ ನಕ್ಕಿತು. ಅಂದಿನಿಂದ ಅಕ್ಕಾರು ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂಡತೊಡಗಿದರು. ಆರು ತಿಂಗಳಿಗೆ, ಅವಧಿ ಇನ್ನೂ ಇರುವಾಗಲೇ, ನಿವೃತ್ತಿಗೆ ಬರೆದುಕೊಟ್ಟರು.

ಕೊನೆಯ ದಿನ ರೈಲಿನಲ್ಲಿ ನಾನು ಎಲ್ಲ ಹೇಳಿದೆ. ಬ್ಯಾಡಗಿ ಬಂದು ನಾನು ಇಳಿಯಲು ಎದ್ದಾಗ ಅವರು ಅಂದರು:

"ನಾ ಪಾಸಾಗೇ ಇದ್ನಲ್ಲೋ ತಮ್ಮಾ. ನೀ ಯಾಕ ತಿದ್ದಾಕ ಹೋದಿ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ...

ಅಕ್ಕಾರು ತೀರಿಕೊಂಡು ಎರಡು ವರ್ಷವಾಯಿತು. ನಾನೀಗ ಖಾಯಂ ಆಗಿದ್ದೇನೆ, ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡುತ್ತೇನೆ. ತಿಳಿಯದೆ ಐದು ಬರೆದದ್ದನ್ನು ಅವರು ಅಂದೇ ಕ್ಷಮಿಸಿರಬೇಕು. ಆದರೆ ಅವರು ಕೌಂಟರಿನಲ್ಲಿ ಕುಗ್ಗುತ್ತಿದ್ದ ಆರು ತಿಂಗಳೂ, ನನ್ನ ದಿನಗೂಲಿ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದೆನಲ್ಲ... ಅದು ತಿಳಿದೇ ಮಾಡಿದ್ದು. ಸಾಹೇಬರ ಕೋಣೆ ನನ್ನ ಸ್ಟೂಲಿನಿಂದ ಹತ್ತೇ ಹೆಜ್ಜೆ ದೂರವಿತ್ತು.