ರಸ್ತೆಬದಿಯ ಹಸಿರು

ಭತ್ತದ ಸಂಶೋಧನಾ ಕೇಂದ್ರದ ಗದ್ದೆಗಳನ್ನು ನೋಡಿಕೊಳ್ಳುವ ಸಾಹೇಬರಿಗೆ ಆಳುಗಳು ಇಟ್ಟ ಹೆಸರು ‘ರಸ್ತೆಬದಿ’. ಅವರ ಮನೆಯ ಮುಂದಿನ ಗೋಡೆಗೆ ವರ್ಷವರ್ಷವೂ ಬಣ್ಣ. ಹಿಂದಿನ ಗೋಡೆ ಕಟ್ಟಿದಾಗಿನಿಂದ ಬೆತ್ತಲೆ. ಮುಂದಿನ ಕೋಣೆಯಲ್ಲಿ ಗಾಜಿನ ಬೀರು, ಅಡುಗೆಮನೆಯಲ್ಲಿ ಕಾಲು ಮುರಿದ ಸ್ಟೂಲು. ಅಂಗಿಗೆ ಇಸ್ತ್ರಿಯೂ ಎದೆಯ ಭಾಗಕ್ಕಷ್ಟೇ. ಬೆನ್ನು ನೋಡುವವರು ಹೇಗೂ ದಾಟಿ ಹೋದವರು ಎಂಬುದು ಅವರ ಸಿದ್ಧಾಂತ.

ಇಂಥವರು ಜೀವಮಾನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಏರಿನ ಒಣ ಗದ್ದೆಗೆ ಒಗ್ಗುವ, ಚಿಟಿಕೆ ಗೊಬ್ಬರಕ್ಕೇ ತೃಪ್ತಿಪಡುವ ಒಂದು ತಳಿಯನ್ನು ವರ್ಷಗಟ್ಟಲೆ ಮಗಳಂತೆ ತಿದ್ದಿ ಬೆಳೆಸಿದ್ದರು. ನಿವೃತ್ತಿಗೆ ಮುಂಚಿನ ಕೊನೆಯ ಬೆಳೆ ಇದು. ಸಮಿತಿಯವರು ಬಂದು ಒಪ್ಪಿದರೆ ತಳಿ ರೈತರ ಗದ್ದೆಗೆ. ಇಲ್ಲದಿದ್ದರೆ ಗೋದಾಮಿನ ಇಲಿಗಳಿಗೆ.

ಆದರೆ ಏರಿನ ಗದ್ದೆ ಇದ್ದದ್ದು ಗೋದಾಮಿನ ಹಿಂದೆ. ಸಾಹೇಬರು ನೀರು ನಿಲ್ಲುವ ರಸ್ತೆಬದಿಯ ತಗ್ಗಿನಲ್ಲೇ ನಾಟಿ ಮಾಡಿಸಿ, ದೊಡ್ಡ ಬೋರ್ಡು ನೆಡಿಸಿದರು.

“ಏರಿಗೆ ಅಂತ ನೀವೇ ಬೆಳೆಸಿದ್ದು. ತಗ್ಗಲ್ಲಿ ಯಾಕ್ರೀ ಹಾಕಿಸಿದ್ರಿ?” ಎಂದಳು ಹೆಂಡತಿ.

“ಕಾರಲ್ಲಿ ಕೂತವರಿಗೂ ಕಾಣಬೇಕು ಕಣೇ.”

“ಕಾರಲ್ಲಿ ಕೂತವರು ಗೇಯ್ತಾರಾ?”

ಪಕ್ಕದ ಗದ್ದೆಯಲ್ಲಿದ್ದ ಬೇರೆ ತಳಿಯ ಹಸಿರು ಒಂದು ಕೈ ಮೇಲಿತ್ತು. ಸಾಹೇಬರಿಗೆ ನಿದ್ದೆ ಹತ್ತಲಿಲ್ಲ. ಯೂರಿಯಾ ಹಾಕಿಸಿದರು, ಮತ್ತೆ ಹಾಕಿಸಿದರು. ಪೈರು ಕಪ್ಪುಹಸಿರಾಗಿ ಎದೆಮಟ್ಟ ಎದ್ದಿತು. ಸೈಕಲ್ಲಿನವರು ಕಾಲೂರಿ ನಿಂತು ನೋಡಿ ಹೋದರು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. ಮಿಕ್ಕಿದ ಸಸಿಗಳನ್ನು ಆಳುಗಳು ಗೋದಾಮಿನ ಹಿಂದಿನ ಏರಿನಲ್ಲಿ ನೆಟ್ಟಿದ್ದರು. ನೋಡುವವರಿಲ್ಲದ ಆ ಜಾಗಕ್ಕೆ ಬೋರ್ಡೂ ಇಲ್ಲ, ಯೂರಿಯಾವೂ ಇಲ್ಲ.

ಸಮಿತಿ ಬರುವ ಹಿಂದಿನ ದಿನ ಒಂದು ಪುಟ್ಟ ಗಾಳಿ ಬೀಸಿತು, ಅಷ್ಟೇ. ರಸ್ತೆಬದಿಯ ಹಸಿರೆಲ್ಲ ಚಾಪೆ ಹಾಸಿದಂತೆ ಮಲಗಿಬಿಟ್ಟಿತು.

ಸಮಿತಿಯ ಅಧ್ಯಕ್ಷೆ ಒಂದು ತೆನೆ ಎತ್ತಿ ಹಿಚುಕಿದರು. ಬರೀ ಜೊಳ್ಳು. “ಏನ್ರೀ, ನಿಮ್ಮ ತಳಿಗೆ ವಿನಯ ಜಾಸ್ತಿ. ನಮ್ಮನ್ನ ನೋಡಿದ್ದೇ ಸಾಷ್ಟಾಂಗ ಹಾಕ್ಬಿಡ್ತಲ್ಲ!”

ಅಷ್ಟರಲ್ಲಿ, ಗೋದಾಮಿನ ಹಿಂದೆ ಮೂತ್ರಕ್ಕೆ ಹೋಗಿದ್ದ ಹಿರಿಯ ಸದಸ್ಯರು ಅಲ್ಲಿಂದಲೇ ಕೂಗಿದರು: “ಇಲ್ಲಿ ಬನ್ರಿ! ಎಂಥಾ ತೆನೆ! ಯಾವ ತಳಿ ಇದು?”

ಸಾಹೇಬರು ಓಡಿದರು. ಗಿಡ್ಡ ಪೈರು ನೆಟ್ಟಗೆ ನಿಂತಿತ್ತು. ತೆನೆಗಳು ಮಾತ್ರ ತುಂಬಿ ಬಾಗಿದ್ದವು. ಆದರೆ ಸಾಹೇಬರ ಕಣ್ಣಿಗೆ ಬಿದ್ದದ್ದು ಅದಲ್ಲ. ಒಡೆದ ಬಕೆಟ್ಟು, ಹರಿದ ಗೋಣಿಚೀಲ, ಪಾಚಿ ಹಿಡಿದ ಗೋಡೆ, ಅಲ್ಲಿ ನಿಂತ ಸಮಿತಿ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ಅವರು ಬಿಟ್ಟರು.

“ಅದು ಲೆಕ್ಕಕ್ಕಿಲ್ಲ ಸಾರ್, ತೋರಿಸೋಕೆ ಹಾಕಿದ್ದಲ್ಲ. ಜಾಗ ಗಲೀಜು. ಈ ಕಡೆ ಬನ್ನಿ, ಟೀ ಆರಿಹೋಗುತ್ತೆ.”

ಸಮಿತಿ ಟೀ ಕುಡಿದು, ತಳಿಯನ್ನು ತಳ್ಳಿಹಾಕಿ ಹೊರಟಿತು.

“ಎರಡೂ ಒಂದೇ ತಳಿ ಅಂತ ಒಂದು ಮಾತು ಹೇಳೋಕಾಗಲಿಲ್ವಾ?” ಸಂಜೆ ಕೇಳಿದಳು ಹೆಂಡತಿ.

“ಬೋರ್ಡ್ ಇರಲಿಲ್ಲ ಕಣೇ...”

ಅವಳು ಗೋದಾಮಿನ ಹಿಂದಿನ ಗದ್ದೆಯಿಂದ ಕಿತ್ತು ತಂದಿದ್ದ ತೆನೆಯನ್ನು ಮುಂದಿನ ಕೋಣೆಯ ಗಾಜಿನ ಬೀರುವಿನಲ್ಲಿಟ್ಟು ಒಳಗೆ ಹೋದಳು. ಸಾಹೇಬರು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದರು. ಆಮೇಲೆ ಎದ್ದು, ಕಾಳು ತುಂಬಿದ ಮಗ್ಗುಲು ಬೀದಿಗೆ ಕಾಣುವಂತೆ ಮೆಲ್ಲಗೆ ತಿರುಗಿಸಿಟ್ಟರು.