ಗೂಡಿನ ಗಾಡಿಗೆ ಗಟ್ಟಿ ಮುಚ್ಚಳ

2006ನೇ ಇಸವಿ. ರಾಮನಗರದಲ್ಲಿ ಮೈಸೂರು ರಸ್ತೆಯ ಪಕ್ಕ ನನ್ನದೊಂದು ಬಾಡಿ ಬಿಲ್ಡಿಂಗ್ ವರ್ಕ್‌ಶಾಪ್ ಇತ್ತು. ವಾಹನಗಳ ಹಿಂಭಾಗಕ್ಕೆ ತೊಟ್ಟಿ, ಬಾಗಿಲು, ಮುಚ್ಚಳ ಕಟ್ಟಿಕೊಡುವ ಕೆಲಸ. ಇಪ್ಪತ್ತು ವರ್ಷ ಲಾರಿಗಳ ಜೊತೆಗೇ ಹೆಣಗಿದವನಿಗೆ ಆ ಹೊತ್ತಿಗೆ ಹೊಸ ಗಿರಾಕಿಗಳು ಸಿಕ್ಕಿದ್ದರು. ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿತ್ತು. ಅವುಗಳ ಬಿಡಿಭಾಗ ಸಾಗಿಸಲು ಮಧ್ಯಮ ಗಾತ್ರದ ಪಿಕಪ್‌ಗಳು ಓಡಾಡತೊಡಗಿದ್ದವು. ಅವಕ್ಕೆಲ್ಲ ಹಾರ್ಡ್ ಕವರ್ ಬೇಕಿತ್ತು. ಹಾರ್ಡ್ ಕವರ್ ಎಂದರೆ ಪಿಕಪ್‌ನ ತೊಟ್ಟಿಯ ಮೇಲೆ ಟಾರ್ಪಾಲಿನ ಬದಲು ಕೂರಿಸುವ, ಬೀಗ ಹಾಕಬಹುದಾದ ಗಟ್ಟಿ ಮುಚ್ಚಳ.

ಈ ಮುಚ್ಚಳಗಳಿಂದ ನನಗೆ ಅಷ್ಟಿಷ್ಟು ಹೆಸರು ಬಂದಿತ್ತು, ಹೆಸರಿಗಿಂತ ಹೆಚ್ಚಾಗಿ ಜಂಬ. ಮುಚ್ಚಳ ಕೂರಿಸಿದ ಮೇಲೆ ನನ್ನದೊಂದು ಪರೀಕ್ಷೆ ನಡೆಯುತ್ತಿತ್ತು. ತೊಟ್ಟಿಯೊಳಗೆ ಅಂದಿನ ದಿನಪತ್ರಿಕೆ ಹರಡಿ, ಮುಚ್ಚಿ, ಹತ್ತು ನಿಮಿಷ ಹೋಸ್‌ಪೈಪಿನಲ್ಲಿ ನೀರು ಹೊಡೆಯುವುದು. ಆಮೇಲೆ ಗಿರಾಕಿಯ ಕೈಯಲ್ಲೇ ಪತ್ರಿಕೆ ತೆಗೆಸಿ ಓದಿಸುವುದು. ಒಂದು ಅಕ್ಷರ ಕದಡಿದ್ದರೂ ಮುಚ್ಚಳ ವಾಪಸ್ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದೆ. ಯಾರೂ ವಾಪಸ್ ತಂದಿರಲಿಲ್ಲ.

ಫೆಬ್ರವರಿಯಲ್ಲಿ ಸಾತನೂರು ಪಕ್ಕದ ಹಳ್ಳಿಯಿಂದ ಜಯಮ್ಮ ಮತ್ತು ಅವರ ಗಂಡ ಶಿವಣ್ಣ ಬಂದರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಒಂದು ಹಳೆಯ ಪಿಕಪ್ ಕೊಂಡು ತಮ್ಮ ಗೂಡಿನ ಜೊತೆ ಅಕ್ಕಪಕ್ಕದ ಐದು ಮನೆಗಳ ಗೂಡನ್ನೂ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ತರುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ದಾರಿಯಲ್ಲೇ ಟಾರ್ಪಾಲು ಹರಿದು ಎರಡು ಮನೆಯವರ ಗೂಡು ತೊಯ್ದು ತೊಪ್ಪೆಯಾಗಿತ್ತಂತೆ.

"ಇನ್ನೊಂದ್ ಸಲ ನೆಂದ್ರೆ ಯಾರೂ ನಮ್ ಗಾಡಿಗೆ ಹಾಕಕಿಲ್ಲ ಅಂದವ್ರೆ" ಎಂದರು ಜಯಮ್ಮ. "ಮೊದ್ಲಿನಂಗೆ ಬಸ್ಸಲ್ಲೇ ಹೊತ್ಕೊಂಡು ಹೋಯ್ತಾರಂತೆ. ಆಮೇಲೆ ನಮ್ ಗಾಡಿ ಹಟ್ಟಿ ಮುಂದೆ ನಿಂತ್ಕಬೇಕು, ನಾವು ಅವ್ರ ಮುಂದೆ ತಲೆ ತಗ್ಗಿಸ್ಕೊಂಡು ಓಡಾಡಬೇಕು."

ಅವರ ಮುಂದೆ ಮೂರು ಬಗೆ ಇಟ್ಟೆ. ಕಬ್ಬಿಣದ ಶೀಟಿನದು ಅಗ್ಗ, ಆದರೆ ಭಾರ, ತುಕ್ಕು ಬೇರೆ. ಅಲ್ಯೂಮಿನಿಯಂನ ಮಡಚುವ ಮುಚ್ಚಳ ಹಗುರ, ಆದರೆ ಮಡಿಕೆಯಲ್ಲಿ ನೀರು ಜಿನುಗುತ್ತದೆ. ಮೂರನೆಯದು ಅಚ್ಚಿನಲ್ಲಿ ತೆಗೆದ ನಾಲ್ಕು ಮಿಲಿಮೀಟರ್ ದಪ್ಪದ ಒಂದೇ ತುಂಡಿನ ಫೈಬರ್. ಸುತ್ತ ನೀರು ನುಗ್ಗದಂತೆ ರಬ್ಬರ್ ಬೀಡಿಂಗ್, ಎತ್ತಿ ಹಿಡಿಯಲು ಎರಡು ಗ್ಯಾಸ್ ರಾಡ್. ಆರಿಸಿಕೊಳ್ಳಿ ಎಂದು ಹೇಳಿದ್ದೇನೋ ನಿಜ, ಆದರೆ ಫೈಬರನ್ನು ಆರಿಸಿದ್ದು ನಾನೇ.

ಶಿವಣ್ಣ ಮಾತು ಕಡಿಮೆಯ ಮನುಷ್ಯ. ಬೀಡಿಂಗನ್ನು ಬೆರಳಲ್ಲಿ ಒತ್ತಿ ನೋಡುತ್ತ ಒಂದೇ ಪ್ರಶ್ನೆ ಕೇಳಿದರು. "ಒಳ್ಗೆ ಗಾಳಿ ಆಡ್ತದಾ ಮೇಸ್ತ್ರಿ?"

"ಗಾಳಿ ಹೋಗೋ ಜಾಗದಲ್ಲಿ ನೀರೂ ಹೋಗುತ್ತೆ ಶಿವಣ್ಣ" ಎಂದೆ. ಅವರು ತಲೆಯಾಡಿಸಿದರು. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ. ನಮ್ಮವ್ವನೂ ಹುಳು ಸಾಕುತ್ತಿದ್ದಳು. ಹುಳುಮನೆಯ ಕಿಟಕಿ ಮುಚ್ಚಿದ್ದಕ್ಕೆ ಅವಳಿಂದ ಬೆನ್ನಿಗೆ ಗುದ್ದು ತಿಂದವನು ನಾನು. ಆದರೂ ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಮಳೆ ಮತ್ತು ದಿನಪತ್ರಿಕೆ ಮಾತ್ರ.

ಮುಚ್ಚಳ ಮಾರ್ಚ್ ಕೊನೆಗೆ ಸಿದ್ಧವಾಯಿತು. ನೀರು ಹೊಡೆದೆವು, ಪತ್ರಿಕೆ ಗರಿಗರಿಯಾಗಿ ಹೊರಬಂತು. ಜಯಮ್ಮನೇ ಅದರ ಮೊದಲ ಸಾಲು ಓದಿದರು.

ಏಪ್ರಿಲ್‌ನಲ್ಲಿ ಮೊದಲ ಲೋಡು. ಬೆಳಕು ಹರಿಯುವ ಮುಂಚೆ ಹೊರಡಬೇಕಿದ್ದ ಗಾಡಿ, ಒಂದು ಮನೆಯವರು ಗೂಡು ಬಿಡಿಸುವುದು ತಡವಾಗಿ ಒಂಬತ್ತಕ್ಕೆ ಹೊರಟಿತು. ಕನಕಪುರ ದಾಟುವಾಗಲೇ ಬಿಸಿಲು ಸುಡುತ್ತಿತ್ತು. ಮಾರುಕಟ್ಟೆಯ ಮುಂದೆ ಸಾಲಿನಲ್ಲಿ ಕಾಯುವಾಗ ಜಯಮ್ಮ ಬೀಗ ಹಾಕಿ, ಸೆರಗಿಗೆ ಕೀ ಕಟ್ಟಿಕೊಂಡು ನೆಮ್ಮದಿಯಾಗಿ ನಿಂತಿದ್ದರಂತೆ. ಮುಚ್ಚಳ ಎತ್ತಿದಾಗ ಮಧ್ಯಾಹ್ನವಾಗಿತ್ತು.

ಸಂಜೆ ಅವರಿಬ್ಬರೂ ಗಾಡಿಯನ್ನು ನೇರವಾಗಿ ವರ್ಕ್‌ಶಾಪಿಗೆ ತಂದರು. ಜಯಮ್ಮ ಒಂದು ಹಿಡಿ ಗೂಡನ್ನು ನನ್ನ ಅಂಗೈಗೆ ಸುರಿದು, "ಮುಟ್ ನೋಡಿ" ಎಂದರು. ಗೂಡು ಒದ್ದೆಯಾಗಿತ್ತು, ಒತ್ತಿದರೆ ಬಗ್ಗುತ್ತಿತ್ತು. ನಾನು ಮಾಡಿದ ಮೊದಲ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬೀಡಿಂಗ್ ಎಲ್ಲಿ ಬಿಟ್ಟುಕೊಂಡಿದೆ, ನೀರು ಎಲ್ಲಿ ಸೋರಿದೆ ಎಂದು ಗಾಡಿಯ ಸುತ್ತ ಹುಡುಕಿದೆ.

"ಮಳೆ ಎಲ್ ಬಂತು ಮೇಸ್ತ್ರಿ?" ಎಂದರು ಜಯಮ್ಮ. "ಅವೇ ಬೆವೆತವೆ."

ಗೂಡಿನೊಳಗೆ ಹುಳು ಕೋಶವಾಗಿ ಜೀವದಿಂದಿರುತ್ತದೆ, ಉಸಿರಾಡುತ್ತದೆ. ಗಾಳಿಯಿಲ್ಲದ ಬಿಸಿ ಪೆಟ್ಟಿಗೆಯಲ್ಲಿ ಆ ಉಸಿರಿನ ತೇವವೇ ಗೂಡಿಗೆ ಇಳಿಯುತ್ತದೆ. ಅಂಥ ಗೂಡಿನಿಂದ ನೂಲು ತೆಗೆದರೆ ಎಳೆ ಹರಿದು ಹರಿದು ಬರುತ್ತದೆ. ನೂಲು ತೆಗೆಯುವ ರೀಲರ್‌ಗಳಿಗೆ ಇದು ಮುಟ್ಟಿದರೆ ತಿಳಿಯುತ್ತದೆ. ಅವತ್ತು ಒಬ್ಬೊಬ್ಬರೂ ಬಂದು, ಗೂಡು ಎತ್ತಿಕೊಂಡು, ಒಣ ಗೂಡಿನಂತೆ ಒಳಗೆ ಗಲಗಲ ಎನ್ನುತ್ತದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ, ಕೆಳಗೆ ಹಾಕಿ ಮುಂದೆ ಹೋದರಂತೆ. ಕೊನೆಗೆ ಆರೂ ಮನೆಯವರ ಗೂಡು ರೀಲರ್‌ಗಳು ಕೇಳಿದಷ್ಟು ಕಡಿಮೆ ಬೆಲೆಗೆ ಹೋಯಿತು. ತೊಯ್ದ ವರ್ಷ ಎರಡೇ ಮನೆ ಹಾಳಾಗಿತ್ತು. ನನ್ನ ಮುಚ್ಚಳದಲ್ಲಿ ಎಲ್ಲರದೂ ಹೋಯಿತು.

ಮಾರನೆಯ ದಿನ ಬಸ್ಸು ಹತ್ತಿ ಅವರ ಹಳ್ಳಿಗೆ ಹೋದೆ. ಐದೂ ಮನೆಯವರನ್ನು ಕೂರಿಸಿಕೊಂಡು, ತಪ್ಪು ನನ್ನದು, ಜಯಮ್ಮನವರದಲ್ಲ, ಬೇರೆ ಮುಚ್ಚಳ ಮಾಡಿಕೊಡುತ್ತೇನೆ ಎಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವರಲ್ಲಿ ಹಿರಿಯಳಾದ ನಿಂಗಮ್ಮ ಎಲೆಅಡಿಕೆ ಜಗಿಯುತ್ತ, "ತಪ್ಪು ನಿಂದೇ, ಸರಿಯಪ್ಪ. ಗೂಡು ನಮ್ದಲ್ವಾ?" ಎಂದಳು.

ಹೊಸ ಮುಚ್ಚಳಕ್ಕೆ ಮೂರು ವಾರ ಹಿಡಿಯಿತು. ಒಂಬತ್ತು ಇಂಚು ಎತ್ತರಿಸಿದೆ. ಎರಡೂ ಪಕ್ಕದಲ್ಲಿ ಉದ್ದಕ್ಕೆ ಸೀಳುಗಳನ್ನು ಬಿಟ್ಟು, ಪ್ರತಿ ಸೀಳಿನ ಮೇಲೂ ಕೆಳಮುಖವಾದ ಪುಟ್ಟ ಸೂರು ಇಳಿಸಿ, ಒಳಗಿನಿಂದ ಜಾಲರಿ ಹೊಡೆದೆ. ಮೇಲೆ ಬಿಳಿ ಬಣ್ಣ. ಚೀಲದ ಮೇಲೆ ಚೀಲ ಬೀಳದಂತೆ ಒಳಗೆ ಬಿದಿರು ದಬ್ಬೆಯ ಅಟ್ಟಣೆ. ನೀರಿನ ಪರೀಕ್ಷೆ ಮಾಡಿದಾಗ ಪತ್ರಿಕೆಯ ಒಂದು ಮೂಲೆ ಒದ್ದೆಯಾಗಿತ್ತು. ನನ್ನ ಮುಖ ಇಳಿಯಿತು. ಆ ಕಡೆಯ ಸೀಳು ಮುಚ್ಚಿಬಿಡುತ್ತೇನೆ ಎಂದೆ.

ಜಯಮ್ಮ ತಡೆದರು. "ಮುಚ್ಚಬೇಡಿ. ಅಷ್ಟು ನೆಂದ್ರೆ ನೆನೀಲಿ, ಗೋಣಿ ಹಾಸ್ಕತೀವಿ."

ಮುಂದಿನ ಬೆಳೆ ಜೂನ್‌ನಲ್ಲಿ ಬಂತು. ಗೂಡು ತುಂಬುವ ದಿನ ನಾನೂ ಹೋಗಿದ್ದೆ. ಜಯಮ್ಮ ತಮ್ಮ ಚೀಲಗಳನ್ನು ಗಾಡಿಗೇರಿಸಿದರು. ಉಳಿದ ಐದು ಮನೆಯವರು ಚೀಲಗಳನ್ನು ತಮ್ಮ ತಮ್ಮ ಜಗುಲಿಯ ಮೇಲಿಟ್ಟುಕೊಂಡು ನಿಂಗಮ್ಮನ ಮುಖ ನೋಡುತ್ತಿದ್ದರು. ಅವಳು ಹಾಕಿದರೆ ಎಲ್ಲರೂ ಹಾಕುತ್ತಾರೆ, ಇಲ್ಲದಿದ್ದರೆ ಬಸ್ಸು. ಜಯಮ್ಮ ಸೆರಗಿನ ಕೀಯನ್ನು ತಿರುವುತ್ತ ನಿಂತಿದ್ದರು.

ನಿಂಗಮ್ಮ ಸೀಳುಗಳಲ್ಲಿ ಬೆರಳು ತೂರಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಇದ್ರೊಳ್ಗೆ ಮಲ್ಕಂಡು ಬತ್ತೀಯಾ? ಬತ್ತೀನಿ ಅಂದ್ರೆ ಹಾಕ್ತೀನಿ" ಎಂದಳು.

ಅವಳು ತಮಾಷೆ ಮಾಡುತ್ತಿರಲಿಲ್ಲ. ನನಗಾಗ ನಲವತ್ತೆಂಟು, ಹೊಟ್ಟೆಯೂ ಬಂದಿತ್ತು. ಬೀಗ ಮಾತ್ರ ಹಾಕಬೇಡಿ ಎಂದು ಹೇಳಿ ಹತ್ತಿದೆ. ಐದೂ ಮನೆಯ ಚೀಲಗಳು ಬಂದವು. ಅವುಗಳ ನಡುವೆ ಗೋಣಿಯ ಮೇಲೆ ನನ್ನನ್ನು ಮಲಗಿಸಿ ಮುಚ್ಚಳ ಇಳಿಸಿದರು. ಶಿವಣ್ಣ ಗಾಡಿ ಓಡಿಸಲು ಕೂತರು, ನಿಂಗಮ್ಮ ಮುಂದೆ ಕ್ಯಾಬಿನ್ನಿನಲ್ಲಿ ಜಯಮ್ಮನ ಪಕ್ಕ ಕೂತಳು. ನನ್ನನ್ನು ನಡುದಾರಿಯಲ್ಲಿ ಇಳಿಸದಂತೆ ಕಾಯಲು ಇರಬೇಕು.

ಗಾಡಿ ಓಡುವಾಗ ಸೀಳುಗಳಿಂದ ಗಾಳಿ ಬರುತ್ತಿತ್ತು. ಕುಲುಕಿದಾಗಲೆಲ್ಲ ಗೂಡುಗಳೊಳಗೆ ಕೋಶಗಳು ಸಣ್ಣಗೆ ಗಲಗಲ ಎನ್ನುತ್ತಿದ್ದವು. ಅವ್ವನ ಹುಳುಮನೆ ನೆನಪಾಯಿತು. ಕನಕಪುರದ ಸಂತೆಬೀದಿಯಲ್ಲಿ ಗಾಡಿ ಸಿಕ್ಕಿಕೊಂಡು ನಿಂತಾಗ ಮಾತ್ರ ಬೆನ್ನು ಬೆವರಿತು. ಮುಂದೆ ತುಂತುರು ಮಳೆ ಬಂದು ಎರಡು ಹನಿ ಮೊಣಕೈಗೆ ಬಿತ್ತು.

ಮಾರುಕಟ್ಟೆಯಲ್ಲಿ ಮುಚ್ಚಳ ಎತ್ತಿದಾಗ ನಾನು ಚೀಲಗಳ ಮಧ್ಯದಿಂದ ಎದ್ದು ಕೂತೆ. ನಾನಿದ್ದ ಊರು, ಎಲ್ಲ ಪರಿಚಯದವರೇ. "ಏನ್ ಮೇಸ್ತ್ರಿ, ನಿಮ್ಮುನ್ನೂ ಹರಾಜಿಗೆ ತಂದವ್ರಾ?" ಎಂದು ಒಬ್ಬ ಕೇಳಿದ, ಸುತ್ತ ನಗು ಎದ್ದಿತು. ನನಗೆ ಆ ಕಡೆ ಗಮನವಿರಲಿಲ್ಲ. ಒಬ್ಬ ರೀಲರ್ ನಿಂಗಮ್ಮನ ಚೀಲದಿಂದ ಗೂಡೊಂದನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ. ಇನ್ನೊಂದನ್ನು ಎತ್ತಿಕೊಂಡ. ಆಮೇಲೆ, "ಇದು ಯಾರ್ದು? ಹರಾಜು ಕೂಗಿ" ಎಂದ.

ನಿಂಗಮ್ಮ ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿ ನೋಡಿದಳು. ನಂತರ ಅದೇ ಕೈಯನ್ನು ನನ್ನ ಅಂಗಿಯ ಬೆನ್ನಿಗೆ ಒತ್ತಿ, "ಇವ್ನು ಒಸಿ ಬೆವೆತವ್ನೆ. ಗೂಡು ಬೆವೆತಿಲ್ಲ" ಎಂದಳು. ಜಯಮ್ಮ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಹತ್ತು ವರ್ಷ ಆ ಕೆಲಸದಲ್ಲಿದ್ದೆ. ಪತ್ರಿಕೆಯ ಪರೀಕ್ಷೆ ಬಿಡಲಿಲ್ಲ. ಆದರೆ ಟೇಪು ಹಿಡಿದು ಗಾಡಿ ಅಳೆಯುವ ಮುಂಚೆ, ಒಳಗೆ ಏನು ಹೋಗುತ್ತದೆ, ಅದಕ್ಕೆ ಗಾಳಿ ಬೇಕೇ ಎಂದು ಕೇಳುವುದನ್ನು ಕಲಿತೆ. ಗಾಳಿಯ ಪ್ರಶ್ನೆಯನ್ನು ಶಿವಣ್ಣ ಫೆಬ್ರವರಿಯಲ್ಲೇ ನನ್ನನ್ನು ಕೇಳಿದ್ದರು. ಅದಕ್ಕೆ ಸರಿಯಾದ ಉತ್ತರ ಕೊಡಲು ನಾನು ಸಾತನೂರಿನಿಂದ ರಾಮನಗರದವರೆಗೆ ಮಲಗಿಕೊಂಡು ಬರಬೇಕಾಯಿತು.