ಊದಿದ ಮೇಲೆಯೇ ಏಣಿ

ಬೆಳಿಗ್ಗೆ ಆರೂವರೆ. ಬಾಳೂರಿನ ಮೇಲಿನ ಗುಡ್ಡದ ಕಾಫಿ ತೋಟದಲ್ಲಿ ಏಳು ಮಂದಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಹೆಗಲಿಗೆ ಹಗ್ಗ ಹಾಕಿಕೊಂಡು ನಿಂತಿದ್ದಾರೆ. ಬಿದಿರಿನ ಏಣಿಗಳು ಇನ್ನೂ ನೆಲದ ಮೇಲೇ ಬಿದ್ದಿವೆ. ಮೇಸ್ತ್ರಿ ಜವರಯ್ಯ ಬಟ್ಟೆಯ ಚೀಲದಿಂದ ಗೇಣುದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ತೆಗೆಯುತ್ತಾರೆ. ಅದರ ಮೈಮೇಲೆ ಸಾಲಾಗಿ ಅಂಕಿಗಳು, ಪಕ್ಕದಲ್ಲಿ ಸರಿದಾಡುವ ಕೆಂಪು ಮುಳ್ಳು. ಏಳು ಮಂದಿಯೂ ಜೇಬಿನಿಂದ ತಮ್ಮ ತಮ್ಮ ಬಾಯಿತುದಿಯನ್ನು ತೆಗೆದು, ಸರದಿಯ ಮೇಲೆ ಕೊಳವೆಗೆ ಸಿಕ್ಕಿಸಿ ಊದುತ್ತಾರೆ.

“ಉಸಿರು ತುಂಬ್ಕೊ. ಪೂರ್ತಿ ತುಂಬ್ಕೊ ಮಾರಾಯ. ಹಾಂ, ಈಗ ಒಂದೇ ಸಲಕ್ಕೆ ಬಿಡು!” ಮುಳ್ಳು ನಾನೂರ ಹತ್ತಕ್ಕೆ ಹಾರುತ್ತದೆ. ಜವರಯ್ಯ ತಲೆಯಾಡಿಸುತ್ತಾರೆ. ಆಮೇಲೆಯೇ ಊದಿದವನು ಏಣಿಗೆ ಕೈ ಹಾಕುವುದು. ಉಸಿರು ಕಡಿಮೆ ಬಂದವನಿಗೆ ಆ ದಿನ ಮರವಿಲ್ಲ, ಕೆಳಗೆ ನಿಂತು ಹಗ್ಗ ಹಿಡಿಯುವ ಕೆಲಸ. ಈ ಗುಂಪಿನಲ್ಲಿ ಇನ್ನೊಂದು ಕಟ್ಟುನಿಟ್ಟು ಇದೆ: ಬೀಡಿ ಇಲ್ಲ, ಹೊಗೆಸೊಪ್ಪೂ ಇಲ್ಲ.

ಮಳೆಗಾಲ ಶುರುವಾಗುವ ಮೊದಲು ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆ ಸವರಬೇಕು. ಇದಕ್ಕೆ ಮರಗಸಿ ಎನ್ನುತ್ತಾರೆ. ಹೆಚ್ಚು ಕಡಿದರೆ ಬಿಸಿಲಿಗೆ ಗಿಡ ಸುಡುತ್ತದೆ, ಕಡಿಮೆ ಕಡಿದರೆ ಮಳೆಗಾಲದಲ್ಲಿ ಗಿಡಕ್ಕೆ ಕೊಳೆರೋಗ ಬರುತ್ತದೆ. ಕಡಿದ ಕೊಂಬೆ ಕೆಳಗಿನ ಗಿಡದ ಮೇಲೆ ಬಿದ್ದರೆ ವರ್ಷದ ಫಸಲು ಹೋದಂತೆ. ಐವತ್ತು, ಅರವತ್ತು ಅಡಿ ಎತ್ತರದಲ್ಲಿ ಒಂದು ಕೈಯಲ್ಲಿ ಮರ ತಬ್ಬಿ, ಇನ್ನೊಂದು ಕೈಯಲ್ಲಿ ಕತ್ತಿ ಬೀಸುವ ಈ ಕೆಲಸಕ್ಕೆ ತೋಳಿನ ಬಲಕ್ಕಿಂತ ಎದೆಯ ಬಲ ಹೆಚ್ಚು ಬೇಕು. ಆ ಮಾತನ್ನು ಜವರಯ್ಯನವರಷ್ಟು ಚೆನ್ನಾಗಿ ಬಲ್ಲವರು ಈ ಸೀಮೆಯಲ್ಲಿ ಇರಲಿಕ್ಕಿಲ್ಲ.

ಆಲೂರು ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಜೊತೆ ಈ ತೋಟಕ್ಕೆ ಬಂದವರು ಅವರು. ಬೀಡಿ ಹಚ್ಚಿದ್ದೂ ಅದೇ ವರ್ಷ. “ಮರದಿಂದ ಇಳಿದ ಕೂಡ್ಲೇ ಒಂದು, ಹತ್ತೋ ಮೊದ್ಲು ಒಂದು. ಕೆಲಸದ ಲೆಕ್ಕನೇ ಬೀಡೀಲಿ ಇತ್ತು. ದಿನಕ್ಕೆ ಒಂದೂವರೆ ಕಟ್ಟು ಸುಡ್ತಿದ್ದೆ” ಎನ್ನುತ್ತಾರೆ. ಮೂವತ್ತೈದು ದಾಟಿದ ಮೇಲೆ ಬೆಳಗಿನ ಕೆಮ್ಮು ಶುರುವಾಯಿತು. ಮಂಜಿಗೆ ಹೀಗಾಗುತ್ತದೆ ಎಂದುಕೊಂಡರು. ಗುಡ್ಡ ಹತ್ತುವಾಗ ನಡುವೆ ನಿಲ್ಲುವ ಅಭ್ಯಾಸವಾಯಿತು. ವಯಸ್ಸಾಯಿತು ಎಂದುಕೊಂಡರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ತೊಂಬತ್ತೆಂಟರ ಮೇ ತಿಂಗಳಲ್ಲಿ ಒಂದು ದೊಡ್ಡ ಅತ್ತಿಮರದ ನಡುವಿನಲ್ಲಿ ಅವರ ಉಸಿರು ನಿಂತಂತಾಯಿತು. ಕತ್ತಿ ಕೆಳಗೆಸೆದು, ಸೊಂಟದ ಹಗ್ಗವನ್ನು ಕಾಂಡಕ್ಕೆ ಬಿಗಿದುಕೊಂಡು, ಮರಕ್ಕೆ ಕೆನ್ನೆ ಒತ್ತಿ ಹಾಗೇ ಉಳಿದರು. ಕೂಗಲು ದನಿ ಬರಲಿಲ್ಲ. ಪಕ್ಕದ ಮರದಲ್ಲಿದ್ದ ಗೆಳೆಯ ರೇವಣ್ಣ ಕತ್ತಿಯ ಸದ್ದು ನಿಂತದ್ದನ್ನು ಗಮನಿಸಿ ಇಳಿದು ಓಡಿಬಂದರು, ಮೇಲೆ ಹತ್ತಿದರು, ಎದೆಗೆ ಹಗ್ಗ ಸುತ್ತಿ ಅಡಿ ಅಡಿಯಾಗಿ ಅವರನ್ನು ಕೆಳಗಿಳಿಸಿದರು. ತೋಟದ ಜೀಪಿನಲ್ಲಿ ಮೂಡಿಗೆರೆಗೆ ಒಯ್ಯುವಾಗ ಜವರಯ್ಯನವರ ಉಗುರು ನೀಲಿಯಾಗಿತ್ತು.

ಮೂಡಿಗೆರೆಯ ಡಾಕ್ಟರ್ ವಿಶ್ವನಾಥ್ ಮಾತನ್ನು ಸುತ್ತಿ ಬಳಸಿ ಹೇಳಲಿಲ್ಲ. ಶ್ವಾಸನಾಳಗಳು ಕಿರಿದಾಗಿವೆ, ಹೋದದ್ದು ವಾಪಸ್ ಬರುವುದಿಲ್ಲ, ಬೀಡಿ ಬಿಟ್ಟರೆ ಉಳಿದದ್ದು ಉಳಿಯುತ್ತದೆ ಎಂದರು. ಸೇದುವ ಔಷಧ ಬರೆದುಕೊಟ್ಟರು. ಮರ ಹತ್ತಬೇಡಿ ಎಂದರು. ಉಸಿರಿನ ರಭಸ ಅಳೆಯುವ ಕೊಳವೆಯನ್ನು ಜವರಯ್ಯ ಮೊದಲ ಸಲ ಊದಿದ್ದು ಅಲ್ಲಿಯೇ. ಮುಳ್ಳು ನೂರ ಎಪ್ಪತ್ತಕ್ಕೆ ನಿಂತಿತು.

ಮನೆಗೆ ಬಂದು ಒಂಬತ್ತು ದಿನ ಬೀಡಿ ಮುಟ್ಟಲಿಲ್ಲ. ಹತ್ತನೆಯ ದಿನ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಂಡರು. ಹೊಗೆಯೇ ಇಲ್ಲದ ಮೇಲೆ ಶ್ವಾಸಕೋಶಕ್ಕೆ ಏನು ತೊಂದರೆ ಎಂಬುದು ಅವರ ವಾದ. ಮುಂದಿನ ಸಲ ಹೋದಾಗ ಡಾಕ್ಟರು ಅವರ ಹಲ್ಲು ನೋಡಿಯೇ ಕಂಡುಹಿಡಿದರು. “ಜವರಯ್ಯ, ನಿಮ್ಮನ್ನ ಹಿಡ್ಕೊಂಡಿರೋದು ನಿಕೋಟಿನ್. ಅದು ಮೊದ್ಲು ಮುಂಬಾಗಿಲಿಂದ ಬರ್ತಿತ್ತು, ಈಗ ಹಿತ್ತಿಲಿಂದ ಬರ್ತಿದೆ. ಬೀಡಿ ಆಸೆ ಸಾಯೋದಕ್ಕೆ ಅದು ಬಿಡ್ತದಾ?” ಎಂದು ಕೇಳಿದರು. ಬಿಡಲಿಲ್ಲ. ಜುಲೈ ಮಳೆಯಲ್ಲಿ, ಕೂಲಿ ಲೈನಿನ ಮನೆಗಳಲ್ಲೆಲ್ಲ ಬೀಡಿಯ ವಾಸನೆ ತುಂಬಿದ ಒಂದು ಸಂಜೆ, ಜವರಯ್ಯ ಒಂದರ ಹಿಂದೊಂದು ನಾಲ್ಕು ಬೀಡಿ ಸೇದಿದರು. ಬೀಡಿ ಬಿಟ್ಟು ಅಂದಿಗೆ ನಲವತ್ತು ದಿನ.

ಹೆಂಡತಿ ರುಕ್ಮಿಣಮ್ಮ ಬೈಯುತ್ತಾರೆಂದು ಅವರು ಕಾದಿದ್ದರು. ರುಕ್ಮಿಣಮ್ಮ ಬೈಯಲಿಲ್ಲ. ಮರುದಿನದ ಆ ಬೆಳಗನ್ನು ಆಕೆ ಈಗ ಅಕ್ಕಿ ಆರಿಸುತ್ತ ನೆನೆಯುತ್ತಾರೆ. “ಮುಖ ನೋಡ್ಲಿಕ್ಕೇ ಆಗ್ತಿರ್ಲಿಲ್ಲ ಇವ್ರದ್ದು. ನಾನು ಕೇಳ್ದೆ, ನಲವತ್ತು ದಿನ ಬಿಟ್ಟಿದ್ದು ಸುಳ್ಳಾ? ಅಷ್ಟು ದಿನ ಮಾಡಿದೀರಲ್ಲ, ಇವತ್ತು ನಲವತ್ತೊಂದು ಅನ್ಕೊಳ್ಳಿ ಅಂದೆ. ಅಷ್ಟೇ ಹೇಳಿದ್ದು. ಹೊಗೆಸೊಪ್ಪಿನ ಡಬ್ಬಿ ಮಾತ್ರ ಒಲೆಗೆ ಹಾಕ್ದೆ. ಅದನ್ನ ಹೇಳ್ಲಿಲ್ಲ.”

ಆಮೇಲೆ ಇಬ್ಬರೂ ಸೇರಿ ಉಪಾಯ ಹುಡುಕಿದರು. ಕಾಫಿ ಕುಡಿದ ಕೂಡಲೇ ಬೀಡಿಯ ಚಟ ಹೆಚ್ಚು ಕಾಡುತ್ತದೆಂದು ಗೊತ್ತಾಗಿ, ಕಾಫಿಯ ನಾಡಿನಲ್ಲಿದ್ದೂ ಜವರಯ್ಯ ಆರು ತಿಂಗಳು ಕಾಫಿ ಬಿಟ್ಟು ಜೀರಿಗೆ ಕಷಾಯ ಕುಡಿದರು. ಜೇಬಿನಲ್ಲಿ ದಾಲ್ಚಿನ್ನಿ ತೊಗಟೆ ಇಟ್ಟುಕೊಂಡರು. ಆಸೆ ಬಂದಾಗ ರುಕ್ಮಿಣಮ್ಮ “ಐದು ನಿಮಿಷ ತಡೀರಿ” ಎಂದು ಹೇಳಿ ಸೌದೆ ಒಡೆಯುವಂಥ ಏನಾದರೊಂದು ಕೆಲಸ ಹಚ್ಚುತ್ತಿದ್ದರು. “ಆ ಐದು ನಿಮಿಷ ದಾಟಿದ್ರೆ ಸಾಕು, ಅದು ತಾನಾಗೇ ಹೋಗ್ತದೆ. ಮತ್ತೆ ಬರ್ತದೆ, ಮತ್ತೆ ಐದು ನಿಮಿಷ. ಆ ವರ್ಷ ನಮ್ಮನೆ ಸೌದೆಯಷ್ಟು ಸಣ್ಣ ಸೌದೆ ಯಾರ ಮನೇಲೂ ಇರ್ಲಿಲ್ಲ!” ಎಂದು ಜವರಯ್ಯ ನಗುತ್ತಾರೆ. ನಡುವೆ ಇನ್ನೆರಡು ಸಲ ಎಡವಿದರು. ಕೊನೆಯ ಬೀಡಿ ಸೇದಿದ್ದು ತೊಂಬತ್ತೊಂಬತ್ತರ ಜನವರಿಯಲ್ಲಿ.

ಬೀಡಿ ಹೋಯಿತು, ಆದರೆ ಮರವೂ ಹೋಗಿತ್ತು. ಒಂದು ವರ್ಷ ರುಕ್ಮಿಣಮ್ಮನ ಕೂಲಿಯಲ್ಲೇ ಮನೆ ನಡೆಯಿತು. ಆಮೇಲೆ ತೋಟದ ಮಾಲೀಕ ಚಂದ್ರಶೇಖರಪ್ಪನವರು ಜವರಯ್ಯನವರನ್ನು ನರ್ಸರಿಯ ಸಸಿಗಳಿಗೆ ನೀರು ಹಾಕುವ ಕೆಲಸಕ್ಕೆ ಇಟ್ಟುಕೊಂಡರು. ಅಲ್ಲಿ ಕುಳಿತು ಬೇರೆಯವರು ಮರಗಸಿ ಮಾಡುವುದನ್ನು ನೋಡುವುದೇ ಕಷ್ಟವಾಗಿತ್ತು ಎನ್ನುತ್ತಾರೆ ಅವರು. ಎರಡು ಸಾವಿರದ ಇಸವಿಯ ಮೇ ತಿಂಗಳಲ್ಲಿ ತಡೆಯಲಾರದೆ ಮಾಲೀಕರಿಗೇ ಹೇಳಿಬಿಟ್ಟರು: “ಸಾವ್ಕಾರ್ರೇ, ಆ ಅತ್ತಿಮರದ ಪಡುವಣ ಕೊಂಬೆ ಕಡಿಸ್ಬೇಡಿ. ಮಧ್ಯಾಹ್ನದ ಬಿಸ್ಲು ನೇರ ಒಳಗೆ ಬರ್ತದೆ.” ಅಷ್ಟರಲ್ಲಿ ಕೊಂಬೆ ಬಿದ್ದಾಗಿತ್ತು. ಮುಂದಿನ ಮಾರ್ಚ್‌ನಲ್ಲಿ ಆ ಮರದ ಕೆಳಗಿನ ಅರವತ್ತು ಗಿಡಗಳ ಎಲೆ ಸುಟ್ಟು ಕಂದಿತು.

ಚಂದ್ರಶೇಖರಪ್ಪನವರು ನರ್ಸರಿಗೇ ನಡೆದುಬಂದರಂತೆ. “ನೀನು ಹತ್ತೋದು ಬೇಡ ಜವರಯ್ಯ. ಕೆಳಗೆ ನಿಂತು ಯಾವುದು ಕಡೀಬೇಕು, ಯಾವುದು ಬಿಡ್ಬೇಕು ಹೇಳು. ಹತ್ತೋವ್ರು ಬೇಕಾದಷ್ಟು ಜನ ಇದಾರೆ” ಎಂದರು. ಹಾಗೆ ಜವರಯ್ಯ ಮೇಸ್ತ್ರಿಯಾದರು. ಮಾಲೀಕರಿಗೆ ಅವರು ಹಾಕಿದ ಷರತ್ತು ಒಂದೇ: ಹತ್ತುವವರು ಯಾರೆಂದು ತಾವೇ ತೀರ್ಮಾನಿಸುವುದು.

ಡಾಕ್ಟರ ಹತ್ತಿರ ಹೋಗಿ, ಮರ ಹತ್ತುವವರನ್ನೂ ಕೊಳವೆ ಊದಿಸಬಹುದೇ ಎಂದು ಕೇಳಿದರು. ಡಾಕ್ಟರು ಮೊದಲು ನಕ್ಕು, ಆಮೇಲೆ ಕೂರಿಸಿ ಹೇಳಿಕೊಟ್ಟರು: ಒಬ್ಬೊಬ್ಬನ ಅತ್ಯುತ್ತಮ ಅಂಕಿ ಬರೆದಿಟ್ಟುಕೊಳ್ಳಬೇಕು, ಅದರ ಮುಕ್ಕಾಲಿಗಿಂತ ಕೆಳಗಿಳಿದರೆ ಆತ ಹತ್ತಬಾರದು, ಆಸ್ಪತ್ರೆಗೆ ಬರಬೇಕು. ಈ ಕಟ್ಟಳೆ ಕೇಳಿ ಮೊದಲ ವಾರವೇ ಇಬ್ಬರು ಕೆಲಸ ಬಿಟ್ಟರು. ಬೇರೆ ತೋಟದ ಮೇಸ್ತ್ರಿಗಳು ‘ಪೀಪಿ ಗುಂಪು’ ಎಂದು ಹೆಸರಿಟ್ಟರು. ಜವರಯ್ಯ ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಟ್ಟದ್ದು ಎರಡು ಸಾವಿರದ ಮೂರರಲ್ಲಿ. ಒಂದು ದಿನ ಬೆಳಿಗ್ಗೆ ಊದಿದಾಗ ರೇವಣ್ಣನವರ ಮುಳ್ಳು ಇನ್ನೂರ ತೊಂಬತ್ತಕ್ಕೆ ನಿಂತಿತು. ಅವರ ಅತ್ಯುತ್ತಮ ಅಂಕಿ ನಾನೂರ ಇಪ್ಪತ್ತು. ಮನೆಯಲ್ಲಿ ಕದ್ದು ಬೀಡಿ ಸೇದುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. “ಇವತ್ತು ಹಗ್ಗ ಹಿಡಿ ರೇವಣ್ಣ” ಎಂದರು ಜವರಯ್ಯ. ರೇವಣ್ಣ ಎಲ್ಲರೆದುರೇ ಸಿಡಿದರು: “ನಿನ್ನನ್ನ ಮರದಿಂದ ಇಳಿಸಿದ್ದು ನಾನು. ಈಗ ನನ್ನನ್ನೇ ಇಳಿಸ್ತೀಯಾ?”

“ಅದಕ್ಕೇ ಇಳಿಸ್ತಿದೀನಿ ಮಾರಾಯ” ಎಂದರು ಜವರಯ್ಯ. “ನನ್ನ ಇಳಿಸ್ಲಿಕ್ಕೆ ನೀನಿದ್ದೆ. ನಿನ್ನ ಇಳಿಸ್ಲಿಕ್ಕೆ ನನ್ನಿಂದ ಮೇಲೆ ಹತ್ತಲಿಕ್ಕೆ ಆಗಲ್ಲ.”

ರೇವಣ್ಣ ಕತ್ತಿ ಎತ್ತಿಕೊಂಡು ಹೊರಟೇಹೋದರು. ಸಂಸೆಯ ಕಡೆಯ ಒಂದು ತೋಟದಲ್ಲಿ ಕೆಲಸಕ್ಕೆ ಸೇರಿದರು. ನಾಲ್ಕು ತಿಂಗಳು ಎರಡು ಮನೆಗಳ ನಡುವೆ ಮಾತಿರಲಿಲ್ಲ. “ಅವನಿಲ್ದೆ ಕೆಲಸಕ್ಕೆ ಹೋಗೋದು ಬೀಡಿ ಬಿಟ್ಟಿದ್ದಕ್ಕಿಂತ ಕಷ್ಟ ಆಯ್ತು. ಸುಮ್ನೆ ಹತ್ತು ಅನ್ಬಹುದಿತ್ತಲ್ಲ ಅಂತ ಎಷ್ಟೋ ಸಲ ಅನ್ಸಿದೆ” ಎಂದು ಜವರಯ್ಯ ಒಪ್ಪಿಕೊಳ್ಳುತ್ತಾರೆ. ಒಂದು ಭಾನುವಾರ ರೇವಣ್ಣ ತಾವಾಗಿಯೇ ಬಂದು ಜಗಲಿಯ ಮೇಲೆ ಕುಳಿತರು. ಹಿಂದಿನ ದಿನ ಮರದ ಮೇಲೆ ಕೆಮ್ಮು ಹತ್ತಿ, ಅವರ ಕೈಯಿಂದ ಕತ್ತಿ ಜಾರಿತ್ತು. ಕೆಳಗೆ ಕಳೆ ಕೀಳುತ್ತಿದ್ದ ಹೆಂಗಸಿನಿಂದ ಒಂದು ಮೊಳ ಆಚೆ ಅದು ನೆಲಕ್ಕೆ ನಾಟಿತ್ತು.

“ಆಯಮ್ಮ ಕತ್ತಿ ಕಿತ್ತು ಪಕ್ಕಕ್ಕಿಟ್ಟು ಕೆಲಸ ಮಾಡಿದ್ಲು. ನಾನು ಮಾತ್ರ ಅವತ್ತು ಮತ್ತೆ ಹತ್ಲಿಲ್ಲ” ಎನ್ನುತ್ತಾರೆ ರೇವಣ್ಣ. “ಹೇಗೆ ಬಿಟ್ಟೆ, ಹೇಳು ಅಂತ ಇವನ್ನ ಕೇಳ್ದೆ. ಇವ್ನು ಬುದ್ಧಿ ಹೇಳ್ಲಿಲ್ಲ. ಹದಿನೈದು ದಿನ ನನ್ನ ಜೊತೆಗೇ ಇರು ಅಂದ.” ಆ ಹದಿನೈದು ದಿನ ರೇವಣ್ಣ ಹಗ್ಗ ಹಿಡಿದರು, ದಾಲ್ಚಿನ್ನಿ ಅಗಿದರು, ರುಕ್ಮಿಣಮ್ಮನ ಕೈಯ ಕಷಾಯ ಕುಡಿದರು, ಸಣ್ಣ ಮಾತಿಗೂ ಸಿಟ್ಟಾದರು. ಮೂರು ತಿಂಗಳ ನಂತರ ಅವರ ಮುಳ್ಳು ಮುನ್ನೂರ ಎಂಬತ್ತು ಮುಟ್ಟಿತು. ಅಂದು ಏಣಿಯನ್ನು ಜವರಯ್ಯನವರೇ ಮರಕ್ಕೆ ಆನಿಸಿಕೊಟ್ಟರು.

ಈಗ ಏಳು ಮಂದಿಯ ಈ ಗುಂಪು ದಿನಕ್ಕೆ ಮೂವತ್ತೈದರಿಂದ ನಲವತ್ತು ಮರ ಮುಗಿಸುತ್ತದೆ. ಜವರಯ್ಯ ಉದ್ದನೆಯ ಬಿದಿರು ಕೋಲಿನಿಂದ ತೋರಿಸುತ್ತಾರೆ, ಮೇಲಿನವರು ಕಡಿಯುತ್ತಾರೆ, ಕೊಂಬೆ ಹಗ್ಗದಲ್ಲಿ ಮೆಲ್ಲಗೆ ಇಳಿಯುತ್ತದೆ. ಆರು ವರ್ಷಗಳಲ್ಲಿ ಒಬ್ಬರೂ ಬಿದ್ದಿಲ್ಲ. ಬಾಳೂರು, ಕಳಸದ ಕಡೆಯ ಒಂಬತ್ತು ತೋಟಗಳಿಂದ ಕರೆ ಬರುತ್ತದೆ. ಬೀಡಿ ಬಿಡಲು ಉಪಾಯ ಕೇಳಿಕೊಂಡು ಭಾನುವಾರ ಅವರ ಜಗಲಿಗೆ ಬರುವವರೂ ಇದ್ದಾರೆ. ಇದುವರೆಗೆ ಹನ್ನೊಂದು ಮಂದಿ ಬಿಟ್ಟಿದ್ದಾರೆ. ಆರು ಮಂದಿ ಬಿಟ್ಟು ಮತ್ತೆ ಹಿಡಿದಿದ್ದಾರೆ. “ಅವ್ರು ಮತ್ತೆ ಬರ್ತಾರೆ. ನಾನೇ ನಾಲ್ಕು ಸಲ ಬಿಟ್ಟವ್ನು” ಎನ್ನುತ್ತಾರೆ ಜವರಯ್ಯ.

ಅವರ ಶ್ವಾಸಕೋಶ ಪೂರ್ತಿ ಸರಿಯಾಗಿಲ್ಲ, ಆಗುವುದೂ ಇಲ್ಲ. ದಿನಕ್ಕೆರಡು ಸಲ ಔಷಧ ಸೇದಬೇಕು, ಮಂಜು ಮುಸುಕಿದ ಬೆಳಿಗ್ಗೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜದ ದೂಳಿನ ಹತ್ತಿರ ಸುಳಿಯುವಂತಿಲ್ಲ. ಆದರೂ ನೂರ ಎಪ್ಪತ್ತಿದ್ದ ಅವರ ಮುಳ್ಳು ಈಗ ಇನ್ನೂರ ಐವತ್ತಕ್ಕೆ ಬರುತ್ತದೆ. ಗುಡ್ಡವನ್ನು ಒಂದೇ ಕಡೆ ನಿಂತು ಸುಧಾರಿಸಿಕೊಂಡು ಹತ್ತುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ತೋಟದ ಅಂಚಿನ ಗಿಡ್ಡ ಹಾಲವಾಣದ ಮರ ತೋರಿಸುತ್ತಾರೆ.

“ಅದೊಂದು ಹತ್ಬೇಕು. ಎರಡಾಳು ಎತ್ತರ, ಅಷ್ಟೇ. ಪ್ರತಿ ಸಲ ಡಾಕ್ಟ್ರನ್ನ ಕೇಳ್ತೀನಿ. ಒಂಬತ್ತು ವರ್ಷದಿಂದ ‘ಬೇಡ’ ಅಂತಿದ್ರು. ಹೋದ ತಿಂಗ್ಳು ಊದಿಸಿ, ಮುಳ್ಳು ನೋಡಿ, ‘ನೋಡೋಣ’ ಅಂದ್ರು.”